ಗಿಡದ ಮೇಲೆ ಕಂದು ಪಾಚಿ: ಬೋರ್‌ವೆಲ್ ನೀರಿನ ಊರಲ್ಲಿ ಅಕ್ವೇರಿಯಂ ಇಟ್ಟವರಿಗೆ

ಹೊಸದಾಗಿ ಟ್ಯಾಂಕ್ ಇಟ್ಟಿದ್ದೀರಿ. ಗಿಡ ನೆಟ್ಟಿದ್ದೀರಿ, ಲೈಟ್ ಹಾಕಿದ್ದೀರಿ, ಗಪ್ಪಿಗಳು ಖುಷಿಯಾಗಿ ಓಡಾಡುತ್ತಿವೆ. ಎರಡು ಮೂರು ವಾರ ಎಲ್ಲಾ ಚೆನ್ನಾಗಿತ್ತು. ಆಮೇಲೆ ಒಂದು ದಿನ ನೋಡಿದರೆ ಎಲೆ ಮೇಲೆ, ಕಲ್ಲಿನ ಮೇಲೆ, ಗಾಜಿನ ಮೇಲೆ, ಫಿಲ್ಟರ್ ಪೈಪಿನ ಮೇಲೆ ಕೂಡ ಕಂದು ಪದರ. ಕ್ರಷರ್ ಲಾರಿ ಓಡಾಡುವ ರಸ್ತೆ ಪಕ್ಕದ ಹೊಂಗೆ ಗಿಡ ಹೇಗಿರುತ್ತೋ, ನಿಮ್ಮ ಅನುಬಿಯಾಸ್ ಗಿಡ ಹಾಗೆ ಆಗಿರುತ್ತೆ.

ಗಾಬರಿ ಬೇಡ. ಮೀನಿಗೆ ಇದರಿಂದ ತೊಂದರೆ ಇಲ್ಲ. ಗಿಡಕ್ಕೆ ಸ್ವಲ್ಪ ತೊಂದರೆ ಇದೆ, ಯಾಕಂದ್ರೆ ಎಲೆ ಮೇಲೆ ಪದರ ಕೂತರೆ ಬೆಳಕು ಸಿಗಲ್ಲ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಈ ಪಾಚಿ ಬಂದಾಗ ಎಲೆ ಒರೆಸೋದು ಎರಡನೇ ಕೆಲಸ. ಮೊದಲನೇ ಕೆಲಸ ನೀವು ಟ್ಯಾಂಕಿಗೆ ಯಾವ ನೀರು ಹಾಕ್ತಿದ್ದೀರಿ ಅಂತ ನೋಡೋದು. ಹೊರಗಿನ ವಿಡಿಯೋಗಳಲ್ಲಿ ಹೇಳೋ "ದಿನಾ ಅರ್ಧ ನೀರು ಬದಲಾಯಿಸಿ" ಅನ್ನೋ ಉಪಾಯ ಇಲ್ಲಿ ಎಷ್ಟೋ ಸಲ ಉಲ್ಟಾ ಹೊಡೆಯುತ್ತೆ.

ಇದು ಏನು, ಯಾಕೆ ಬರುತ್ತೆ

ಕಂದು ಪಾಚಿ ಅಂತ ನಾವು ಕರೆಯೋದು ಬಹುಪಾಲು ಡಯಾಟಮ್‌ಗಳನ್ನು. ಒಂದೇ ಜೀವಕೋಶದ ಸಣ್ಣ ಜೀವಿಗಳು. ಬರಿಗಣ್ಣಿಗೆ ಒಂದೊಂದಾಗಿ ಕಾಣಲ್ಲ, ಲಕ್ಷಗಟ್ಟಲೆ ಸೇರಿದಾಗ ಪುಡಿ ಥರ ಕಾಣುತ್ತೆ. ಮನೆಯಲ್ಲಿ ಕಾಲೇಜಿಗೆ ಹೋಗೋ ಮಕ್ಕಳಿದ್ದರೆ, ಒಂದು ತೊಟ್ಟು ಕಂದು ನೀರನ್ನು ಲ್ಯಾಬ್‌ನಲ್ಲಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡೋಕೆ ಹೇಳಿ. ದೋಣಿ ಆಕಾರದವು, ಕಡ್ಡಿ ಆಕಾರದವು, ಮೈತುಂಬ ಗೆರೆ ಕೊರೆದಿರೋವು, ನಿಧಾನಕ್ಕೆ ಜಾರಿಕೊಂಡು ಹೋಗ್ತಿರೋವು ಕಾಣಿಸ್ತವೆ. ನೋಡಿದ ಮೇಲೆ ಬೈಯೋಕೆ ಮನಸ್ಸು ಬರಲ್ಲ.

ಇವುಗಳಲ್ಲೂ ಗಿಡದ ಹಾಗೆ ಹಸಿರು ಕ್ಲೋರೋಫಿಲ್ ಇದೆ. ಜೊತೆಗೆ ಫ್ಯೂಕೋಝ್ಯಾಂತಿನ್ ಅನ್ನೋ ಬಣ್ಣದ ವಸ್ತು ಜಾಸ್ತಿ ಇರೋದರಿಂದ ಕಂದು ಕಾಣುತ್ತೆ. ಮುಖ್ಯ ವಿಷಯ ಇವುಗಳ ಹೊರಗೋಡೆ. ಅದು ಸಿಲಿಕಾದಿಂದ ಆಗಿರೋದು, ಅಂದರೆ ಗಾಜು ಮರಳಿನಲ್ಲಿ ಇರೋ ಅದೇ ವಸ್ತು. ನೀರಲ್ಲಿ ಕರಗಿರೋ ಸಿಲಿಕಾ ಇಲ್ಲದೆ ಡಯಾಟಮ್ ಬೆಳೆಯೋದಿಲ್ಲ. ಬೆಳಕು ಕಮ್ಮಿ ಇದ್ದರೂ ಹೇಗೋ ಬದುಕುತ್ತೆ, ಸಿಲಿಕಾ ಇಲ್ಲದಿದ್ದರೆ ಆಗಲ್ಲ.

ಈಗ ನಮ್ಮ ಊರಿನ ನೆಲ ನೋಡಿ. ಅಂತರಗಂಗೆ ಬೆಟ್ಟ, ನಂದಿ ಬೆಟ್ಟ, ದೇವರಾಯನದುರ್ಗ, ಎಲ್ಲಿ ನೋಡಿದರೂ ಕಲ್ಲು. ಗ್ರಾನೈಟ್, ನೈಸ್ ಜಾತಿಯ ಬಂಡೆ. ಬೋರ್‌ವೆಲ್ ಕೊರೆದರೆ ನೀರು ಸಿಗೋದು ಈ ಬಂಡೆಗಳ ಬಿರುಕಿನಲ್ಲಿ, ಅದೂ ಕೋಲಾರದ ಎಷ್ಟೋ ಕಡೆ ಸಾವಿರ ಅಡಿ ದಾಟಿದ ಮೇಲೆ. ಅಷ್ಟು ಕಾಲ ಕಲ್ಲಿನ ಮಧ್ಯೆ ನಿಂತ ನೀರು ಕಲ್ಲಿನಿಂದ ಸುಮಾರು ವಸ್ತು ಕರಗಿಸಿಕೊಂಡು ಬರುತ್ತೆ. ಕ್ಯಾಲ್ಸಿಯಂ, ಮೆಗ್ನೀಷಿಯಂ, ಎಲ್ಲರಿಗೂ ಗೊತ್ತಿರೋ ಫ್ಲೋರೈಡ್, ಜೊತೆಗೆ ಸಿಲಿಕಾ. ಲೀಟರಿಗೆ ಹತ್ತಾರು ಮಿಲಿಗ್ರಾಂ ಸಿಲಿಕಾ ಇರೋದು ಇಂಥ ನೀರಿಗೆ ಮಾಮೂಲು. ಗೀಸರಿಗೆ, ನಲ್ಲಿಗೆ ಬಿಳಿ ಪೊರೆ ಕಟ್ಟೋದು ಕ್ಯಾಲ್ಸಿಯಂನಿಂದ. ಸಿಲಿಕಾ ಕಣ್ಣಿಗೆ ಕಾಣಲ್ಲ, ಟ್ಯಾಂಕಲ್ಲಿ ಕಂದು ಪಾಚಿಯಾಗಿ ಹೊರಗೆ ಬರುತ್ತೆ.

ಹೊಸ ಟ್ಯಾಂಕಿನಲ್ಲಿ ಇನ್ನೊಂದು ಕಾರಣನೂ ಸೇರುತ್ತೆ. ಫಿಲ್ಟರಿನಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಇನ್ನೂ ಕೂತಿರಲ್ಲ. ಮೀನಿನ ಗಲೀಜಿನಿಂದ ಬರೋ ಅಮೋನಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗೋದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಗಿಡಗಳು ಕೂಡ ಬೇರು ಬಿಟ್ಟಿರಲ್ಲ. ಪೈಪೋಟಿಗೆ ಯಾರೂ ಇಲ್ಲ, ಊಟ ಬೇಕಾದಷ್ಟಿದೆ. ಡಯಾಟಮ್ ಮೊದಲು ಬಂದು ಜಾಗ ಹಿಡಿಯುತ್ತೆ. ಆಮೇಲೆ ಗಿಡ ಚಿಗುರಿದಂತೆ, ಬ್ಯಾಕ್ಟೀರಿಯಾ ಕೂತಂತೆ, ನೀರಿನ ಸಿಲಿಕಾ ಮುಗಿದಂತೆ ತಾನೇ ಕಮ್ಮಿ ಆಗುತ್ತೆ. ಒಳ್ಳೆ ನೀರು ಇರೋ ಊರಲ್ಲಿ ಎರಡು ಮೂರು ತಿಂಗಳಲ್ಲಿ ಇದು ಮುಗಿದ ಕಥೆ.

ನಮ್ಮಲ್ಲಿ ಮುಗಿಯಲ್ಲ, ಯಾಕೆ? ಪ್ರತಿ ವಾರ ಬಕೆಟ್‌ಗಟ್ಟಲೆ ಬೋರ್ ನೀರು ಸುರಿದು ಹೊಸ ಸಿಲಿಕಾ ಕೊಡ್ತೀವಿ, ಅದಕ್ಕೆ.

ಮೊದಲು ಇದು ಅದೇನಾ ಅಂತ ಖಚಿತ ಮಾಡಿಕೊಳ್ಳಿ

ಬೆರಳು ಹಾಕಿ ಎಲೆ ಒರೆಸಿ. ಸುಲಭಕ್ಕೆ ಬಿಟ್ಟುಕೊಂಡು ನೀರಲ್ಲಿ ಕಂದು ಹೊಗೆ ಥರ ಎದ್ದರೆ, ಬೆರಳಿಗೆ ಸ್ವಲ್ಪ ಲೋಳೆ ಲೋಳೆ ಅನ್ನಿಸಿದರೆ, ಅದು ಡಯಾಟಮ್. ಕೆಳಗಿನ ಎಲೆ ಹಸಿರಾಗಿಯೇ ಇರುತ್ತೆ.

ಒರೆಸಿದರೂ ಬಿಡದೆ, ಎಲೆಯ ಅಂಚಿನಲ್ಲಿ ಕಪ್ಪು ಇಲ್ಲಾ ಬೂದು ಬಣ್ಣದ ಗಡ್ಡ ಬೆಳೆದ ಹಾಗಿದ್ದರೆ ಅದು ಬೇರೆ ಜಾತಿ, ಕೆಂಪು ಪಾಚಿಯ ಗುಂಪಿನದು. ಅದಕ್ಕೆ ಈ ಬರಹದ ಉಪಾಯ ಸಾಕಾಗಲ್ಲ. ಹಸಿರು ನೀಲಿ ಬಣ್ಣದ ತೆಳು ಪೊರೆಯಾಗಿ ಎದ್ದು ಬಂದು, ಮೂಗಿಗೆ ಹಿಡಿಯೋ ವಾಸನೆ ಬಂದರೆ ಅದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಹಳೆ ಎಲೆಗಳಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದು ಸುತ್ತ ಹಳದಿ ಕಂದು ಆಗಿದ್ದರೆ ಗಿಡಕ್ಕೆ ಪೊಟ್ಯಾಷಿಯಂ ಸಾಲುತ್ತಿಲ್ಲ ಅಂತ ಅರ್ಥ. ಹೊಸದಾಗಿ ನೆಟ್ಟ ಕ್ರಿಪ್ಟೋಕೊರೈನ್ ಎಲೆ ಕರಗಿ ಲೋಳೆಯಾದರೆ ಅದು ಜಾಗ ಬದಲಾದ ಸಿಟ್ಟು, ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತೆ, ಕೀಳಬೇಡಿ.

ಇನ್ನೊಂದಿದೆ, ನಮ್ಮ ಕಡೆ ಇದು ಜನಕ್ಕೆ ಗೊಂದಲ ಮಾಡುತ್ತೆ. ಕೆಲವು ಬೋರ್‌ವೆಲ್ ನೀರಲ್ಲಿ ಕಬ್ಬಿಣ ಇರುತ್ತೆ. ಹಿಡಿದಾಗ ನೀರು ತಿಳಿಯಾಗಿರುತ್ತೆ, ಗಾಳಿ ತಾಗಿದ ಮೇಲೆ ತುಕ್ಕಿನ ಬಣ್ಣದ ಗಸಿ ಕೂರುತ್ತೆ. ಪರೀಕ್ಷೆ ಸುಲಭ. ಬಿಳಿ ಬಕೆಟಿನಲ್ಲಿ ನೀರು ಹಿಡಿದು, ಮೀನು ಗಿಡ ಏನೂ ಹಾಕದೆ, ಕತ್ತಲೆ ಇರೋ ಬಚ್ಚಲಲ್ಲಿ ರಾತ್ರಿ ಪೂರ್ತಿ ಬಿಡಿ. ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ ಇದ್ದರೆ ಅದು ಕಬ್ಬಿಣ, ಪಾಚಿ ಅಲ್ಲ. ಮೇಲಿನ ತಿಳಿ ನೀರು ಮಾತ್ರ ಉಪಯೋಗಿಸಿ.

ನೀರಿನ ಕೆಲಸ

ನಿಮ್ಮ ಮನೆಗೆ ಬರೋ ನೀರು ಎಲ್ಲಿಂದ ಅಂತ ಕೇಳಿಕೊಳ್ಳಿ. ತುಮಕೂರು ನಗರದಲ್ಲಿ ಬುಗುಡನಹಳ್ಳಿಯಿಂದ ಬರೋ ಹೇಮಾವತಿ ನೀರಾದರೆ, ಚಿಕ್ಕಬಳ್ಳಾಪುರದಲ್ಲಿ ಜಕ್ಕಲಮಡುಗು ಜಲಾಶಯದ ನೀರಾದರೆ, ಅದು ನೆಲದ ಮೇಲಿನ ನೀರು. ಆಳದ ಬೋರ್ ನೀರಿನಷ್ಟು ಖನಿಜ ಇರಲ್ಲ. ನೀವು ಅರ್ಧ ಯುದ್ಧ ಗೆದ್ದ ಹಾಗೆ. ಆದರೆ ಕ್ಲೋರಿನ್ ಇರುತ್ತೆ, ಅದಕ್ಕೆ ಅಂಗಡಿಯಲ್ಲಿ ಸಿಗೋ ಆಂಟಿ ಕ್ಲೋರಿನ್ ಹಾಕಿ, ಇಲ್ಲಾ ತೆರೆದ ಡ್ರಮ್ಮಿನಲ್ಲಿ ಒಂದು ದಿನ ಬಿಟ್ಟು ಹಾಕಿ. ಇದೇ ಊರುಗಳಲ್ಲಿ ನಲ್ಲಿ ನೀರಿಗೆ ಬೋರ್ ನೀರು ಬೆರೆಸಿ ಬಿಡೋದೂ ಉಂಟು. ಹಾಗಾಗಿ ನೀರಲ್ಲಿ ಒಟ್ಟು ಎಷ್ಟು ವಸ್ತು ಕರಗಿದೆ ಅಂತ ಅಂದಾಜು ತೋರಿಸೋ ಟಿಡಿಎಸ್ ಮೀಟರ್ ಒಂದು ಇಟ್ಟುಕೊಳ್ಳಿ, ಇವತ್ತು ಬಂದ ನೀರು ಹೋದ ವಾರದ್ದೇನಾ ಬೇರೆಯದಾ ಅಂತ ತಕ್ಷಣ ಗೊತ್ತಾಗುತ್ತೆ.

ಆ ಮೀಟರ್ ಬಗ್ಗೆ ಒಂದು ಮಾತು. ಅದು ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ಅಳೆದು ಲೆಕ್ಕ ಹಾಕುತ್ತೆ. ಕರಗಿರೋ ಸಿಲಿಕಾಕ್ಕೆ ಮಾಮೂಲಿ ನೀರಲ್ಲಿ ವಿದ್ಯುತ್ ಅಂಶ ಇಲ್ಲದಿರೋದರಿಂದ ಮೀಟರಿಗೆ ಅದು ಹೆಚ್ಚು ಕಡಿಮೆ ಕಾಣೋದೇ ಇಲ್ಲ. ಟಿಡಿಎಸ್ ಕಮ್ಮಿ ಬಂತು ಅಂದ ಮಾತ್ರಕ್ಕೆ ಸಿಲಿಕಾ ಕಮ್ಮಿ ಅಂತಲ್ಲ.

ಕುದಿಸಿದರೆ ಸಿಲಿಕಾ ಹೋಗುತ್ತಾ? ಇಲ್ಲ. ಎರಡು ದಿನ ಡ್ರಮ್ಮಿನಲ್ಲಿ ಬಿಟ್ಟರೆ? ಇಲ್ಲ. ಮನೆಗೆ ಹಾಕಿಸಿರೋ ವಾಟರ್ ಸಾಫ್ಟ್‌ನರ್ ನೀರು? ಅದೂ ಬೇಡ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತೆ ಅಷ್ಟೇ, ಸಿಲಿಕಾ ಹಾಗೇ ಉಳಿಯುತ್ತೆ, ಮೇಲೆ ಆ ಸೋಡಿಯಂ ಗಿಡಕ್ಕೆ ಒಗ್ಗಲ್ಲ.

ಕೆಲಸಕ್ಕೆ ಬರೋದು ಎರಡೇ. ಒಂದು ಆರ್‌ಒ ನೀರು, ಇನ್ನೊಂದು ಮಳೆ ನೀರು.

ಆರ್‌ಒ ನಮಗೆ ಹೊಸದಲ್ಲ. ಫ್ಲೋರೈಡ್ ಕಾಟದಿಂದ ಈಗ ಹಳ್ಳಿ ಹಳ್ಳಿಯಲ್ಲೂ ಶುದ್ಧ ನೀರಿನ ಘಟಕ ಇದೆ. ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತೆ. ಆರ್‌ಒ ಪೊರೆ ಸರಿಯಾಗಿದ್ದರೆ ಸಿಲಿಕಾನೂ ಬಹುಪಾಲು ಹೊರಗೆ ಹಾಕುತ್ತೆ. ಆದರೆ ಬರೀ ಆರ್‌ಒ ನೀರು ಹಾಕಬೇಡಿ. ಅದರಲ್ಲಿ ಗಿಡಕ್ಕೂ ಮೀನಿಗೂ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರಲ್ಲ, ಪಿಎಚ್ ಕೂಡ ನಿಲ್ಲಲ್ಲ. ಬೋರ್ ನೀರಿನ ಜೊತೆ ಬೆರೆಸಿ. ಅರ್ಧಕ್ಕರ್ಧ ಒಳ್ಳೆ ಶುರು.

ಲೆಕ್ಕ ಹೀಗೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ತುಂಬಾ ತುಂಬಿದರೆ ಸುಮಾರು 56 ಲೀಟರ್. ಮರಳು, ಕಲ್ಲು, ಮೇಲೆ ಬಿಡೋ ಜಾಗ ಕಳೆದರೆ 45 ಅಂತ ಇಟ್ಟುಕೊಳ್ಳಿ. ವಾರಕ್ಕೊಮ್ಮೆ 10 ಲೀಟರ್ ಬದಲಾಯಿಸಿದರೆ ಸಾಕು. 5 ಲೀಟರ್ ಆರ್‌ಒ, 5 ಲೀಟರ್ ಬೋರ್. ಒಂದು ಕ್ಯಾನ್ ನಾಲ್ಕು ವಾರ ಬರುತ್ತೆ, ಹೆಚ್ಚು ಖರ್ಚೇನೂ ಇಲ್ಲ ಅಲ್ವಾ. ಪಾಚಿ ಜೋರಾಗಿರೋ ಸಮಯದಲ್ಲಿ 7 ಲೀಟರ್ ಆರ್‌ಒ, 3 ಲೀಟರ್ ಬೋರ್ ಮಾಡಿಕೊಳ್ಳಿ. ಇದಕ್ಕಿಂತ ಜೋರಾಗಿ ಒಂದೇ ಸಲ ನೀರಿನ ಗುಣ ಬದಲಾಯಿಸಿದರೆ ಮೀನಿಗೆ ಶಾಕ್ ಆಗುತ್ತೆ, ಹಾಗಾಗಿ ನಿಧಾನ.

ಮನೆಯ ಆರ್‌ಒ ಮೆಷಿನ್‌ನಿಂದ ಹೊರಗೆ ಹೋಗೋ ವೇಸ್ಟ್ ನೀರನ್ನು "ಸುಮ್ನೆ ಹಾಳಾಗುತ್ತಲ್ಲ" ಅಂತ ಟ್ಯಾಂಕಿಗೆ ಹಾಕೋರಿದ್ದಾರೆ. ಆ ನೀರಲ್ಲಿ ಎಲ್ಲಾ ಉಪ್ಪು, ಎಲ್ಲಾ ಸಿಲಿಕಾ ಇನ್ನೂ ಗಟ್ಟಿಯಾಗಿ ಸೇರಿರುತ್ತೆ. ನೆಲ ಒರೆಸೋಕೆ ಇಟ್ಟುಕೊಳ್ಳಿ.

ಮಳೆ ನೀರಿನಲ್ಲಿ ಸಿಲಿಕಾ ಇಲ್ಲ ಅನ್ನುವಷ್ಟು ಕಮ್ಮಿ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ತಾರಸಿ ಮೊದಲ ಮಳೆಗೆ ತೊಳೆದುಹೋಗಲಿ, ಆಮೇಲೆ ಹಿಡಿದ ನೀರನ್ನು ಬಟ್ಟೆಯಲ್ಲಿ ಸೋಸಿ ಮುಚ್ಚಿದ ಡ್ರಮ್ಮಿನಲ್ಲಿ ಇಡಿ. ಇದನ್ನೂ ಬೋರ್ ನೀರಿಗೆ ಬೆರೆಸಿಯೇ ಹಾಕಬೇಕು.

ಕೆರೆ ನೀರು ತರಬೇಡಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೋಲಾರದ ಕೆರೆಗಳಿಗೆ ಬರ್ತಿದೆ. ಅಂತರ್ಜಲಕ್ಕೆ ಅದರಿಂದ ಏನು ಲಾಭ, ಏನು ನಷ್ಟ ಅನ್ನೋ ಚರ್ಚೆ ಬೇರೆ. ಅಕ್ವೇರಿಯಂ ಲೆಕ್ಕದಲ್ಲಿ ಅಂಥ ನೀರಲ್ಲಿ ಪಾಚಿಗೆ ಊಟವಾಗೋ ನೈಟ್ರೇಟ್, ಫಾಸ್ಫೇಟ್ ಉಳಿದಿರುತ್ತೆ. ಕೆರೆ ನೀರಿನ ಜೊತೆ ರೋಗ, ಹುಳ ಬರೋದಂತೂ ಇದ್ದೇ ಇದೆ.

ಎಲೆ ಒರೆಸೋ ಕ್ರಮ

ಮೊದಲು ಲೈಟ್, ಫಿಲ್ಟರ್ ಸ್ವಿಚ್ ಆಫ್ ಮಾಡಿ. ಫಿಲ್ಟರ್ ಓಡ್ತಿದ್ದರೆ ನೀವು ಎಬ್ಬಿಸಿದ ಧೂಳು ಟ್ಯಾಂಕ್ ಪೂರ್ತಿ ಸುತ್ತಿ ಮತ್ತೆ ಎಲೆ ಮೇಲೇ ಕೂರುತ್ತೆ. ಕೈ ತೊಳೆಯಿರಿ, ಸೋಪು ಬೇಡ.

ನೀರು ಎಳೆಯೋಕೆ ಒಂದು ತೆಳು ಪೈಪ್ ಬೇಕು. ಗಾರೆ ಕೆಲಸದವರು ಉಪಯೋಗಿಸೋ ಲೆವೆಲ್ ಪೈಪ್ ಇದಕ್ಕೆ ಹೇಳಿ ಮಾಡಿಸಿದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತೆ, ಒಳಗೆ ಏನು ಹೋಗ್ತಿದೆ ಅಂತ ಕಾಣುತ್ತೆ. ತೋಟದಲ್ಲಿ ಬಿದ್ದಿರೋ ಹಳೆ ಡ್ರಿಪ್ ಪೈಪ್ ಬೇಡ, ಅದರಲ್ಲಿ ಗೊಬ್ಬರ, ಔಷಧಿ ಹರಿದಿರುತ್ತೆ. ಪೈಪನ್ನು ಪೂರ್ತಿ ಟ್ಯಾಂಕ್ ಒಳಗೆ ಮುಳುಗಿಸಿ ನೀರು ತುಂಬಿಸಿ, ಒಂದು ತುದಿಯನ್ನು ಹೆಬ್ಬೆರಳಿಂದ ಮುಚ್ಚಿ ಕೆಳಗಿರೋ ಬಕೆಟಿಗೆ ಬಿಡಿ. ಬಾಯಲ್ಲಿ ಎಳೆಯೋ ಕೆಲಸ ಇಲ್ಲ.

ಈಗ ಎಲೆ. ಅನುಬಿಯಾಸ್ ಅಥವಾ ಅಮೆಜಾನ್ ಸ್ವೋರ್ಡ್ ಥರ ಅಗಲ ಎಲೆ ಇದ್ದರೆ, ಎಡಗೈಯಲ್ಲಿ ಎಲೆಯ ತೊಟ್ಟು ಹಿಡಿದುಕೊಳ್ಳಿ, ಅಲ್ಲಾಡಬಾರದು. ಬಲಗೈಯ ಹೆಬ್ಬೆರಳು, ತೋರುಬೆರಳ ಮಧ್ಯೆ ಎಲೆ ಇಟ್ಟು ತೊಟ್ಟಿನಿಂದ ತುದಿ ಕಡೆಗೆ ಮೆತ್ತಗೆ ಎಳೆಯಿರಿ. ಒಂದೇ ಎಳೆತಕ್ಕೆ ಕಂದು ಪದರ ಮಡಚಿಕೊಂಡು ತುದಿಗೆ ಬರುತ್ತೆ, ಹಿಂದೆ ಹಸಿರು ಮಿಂಚುತ್ತೆ. ಆ ಗಳಿಗೆಯಲ್ಲಿ ಪೈಪಿನ ಬಾಯಿ ಎಲೆ ತುದಿಯ ಹತ್ತಿರ ಇರಬೇಕು. ಧೂಳು ಎದ್ದ ಕೂಡಲೇ ಪೈಪಿಗೆ ಹೋಗಿಬಿಡುತ್ತೆ. ಎರಡು ಕೈ ಸಾಲಲ್ಲ, ಮನೆಯಲ್ಲಿ ಯಾರನ್ನಾದರೂ ಪೈಪ್ ಹಿಡಿಯೋಕೆ ಕರೆಯಿರಿ. ಮಕ್ಕಳಿಗೆ ಈ ಕೆಲಸ ಭಾರಿ ಇಷ್ಟ, ಹೋಮ್‌ವರ್ಕ್ ಬಿಟ್ಟು ಓಡಿ ಬರ್ತಾರೆ. ಎಲೆಯ ಅಡಿ ಭಾಗದಲ್ಲಿ ಪಾಚಿ ಕಮ್ಮಿ, ಮೇಲಿನದು ಒರೆಸಿದರೆ ಸಾಕು.

ಅನುಬಿಯಾಸ್, ಜಾವಾ ಫರ್ನ್ ಗಿಡಗಳ ಬೇರುಕಾಂಡದ, ಅಂದರೆ ಎಲೆ, ಬೇರು ಹೊರಡೋ ದಪ್ಪ ಕಾಂಡದ, ಸಂದಿಯಲ್ಲಿ ಕೂತಿದ್ದರೆ ಹಳೆ ಮೆತ್ತನೆ ಟೂತ್ ಬ್ರಷ್ ಆಗುತ್ತೆ, ಪೇಸ್ಟ್ ವಾಸನೆ ಪೂರ್ತಿ ಹೋಗಿರಬೇಕು. ಹಾಗೇ ನೋಡಿಕೊಳ್ಳಿ, ಆ ಬೇರುಕಾಂಡ ಮರಳಿನ ಒಳಗೆ ಹೂತು ಹೋಗಿದ್ದರೆ ಹೊರಗೆ ತೆಗೆದು ಕಲ್ಲಿಗೋ ಕಟ್ಟಿಗೆಗೋ ಕಟ್ಟಿ. ಹೂತರೆ ಕೊಳೆಯುತ್ತೆ.

ಜಾವಾ ಮಾಸ್, ಹಾರ್ನ್‌ವರ್ಟ್ ಥರ ಸಣ್ಣ ಸಣ್ಣ ಎಲೆಯವನ್ನು ಒರೆಸೋಕೆ ಆಗಲ್ಲ. ಬಕೆಟಿಗೆ ಬಂದಿರೋ ಟ್ಯಾಂಕಿನ ನೀರಲ್ಲೇ ಅವನ್ನು ಅದ್ದಿ ಜಾಲಾಡಿ, ಎರಡು ಸಲ. ಸೊಪ್ಪು ತೊಳೆಯೋರಿಗೆ ಇದನ್ನು ಹೇಳಿಕೊಡೋದು ಬೇಡ. ರೊಟಾಲಾ, ಹೈಗ್ರೋಫಿಲಾ ಥರ ಕಾಂಡದ ಗಿಡವಾದರೆ ಒರೆಸೋಕೇ ಹೋಗಬೇಡಿ. ಮೇಲಿನ ಶುದ್ಧ ಚಿಗುರನ್ನು ಕತ್ತರಿಸಿ ಅದನ್ನೇ ನೆಟ್ಟು, ಕೆಳಗಿನ ಕೊಳಕು ಭಾಗ ಎಸೆಯಿರಿ.

ಒಂದು ಎಲೆಯ ಅರ್ಧಕ್ಕಿಂತ ಜಾಸ್ತಿ ಹಳದಿಯಾಗಿ ಮೆತ್ತಗಾಗಿದ್ದರೆ ಬುಡದಿಂದ ಕತ್ತರಿಸಿ. ಆದರೆ ಒಂದೇ ದಿನ ಗಿಡದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಲೆ ತೆಗೆಯಬೇಡಿ, ಗಿಡ ಸೋತುಹೋಗುತ್ತೆ.

ಬಕೆಟಿನಲ್ಲಿ ಬಂದ ಕಂದು ನೀರು ಬಿಸಾಡಬೇಡಿ. ಕುಂಡದ ಕರಿಬೇವು, ಹಿತ್ತಿಲ ಟೊಮೆಟೊ ಗಿಡಕ್ಕೆ ಒಳ್ಳೆ ಗೊಬ್ಬರ ಅದು.

ಫಿಲ್ಟರ್, ಲೈಟ್, ಊಟ

ಪಕ್ಕದ ಮನೆ ಹುಡುಗ ಒಬ್ಬ ಕೇಳಿದ: "ಅಣ್ಣಾ, ಎಲ್ಲಾ ನೀರು ಚೆಲ್ಲಿ, ಕಲ್ಲು ಮರಳು ಫಿಲ್ಟರ್ ಎಲ್ಲಾ ಬಿಸಿಲಲ್ಲಿ ಒಣಗಿಸಿ ಹೊಸದಾಗಿ ಹಾಕಿಬಿಡ್ಲಾ?" ಬೇಡಪ್ಪ. ಹಾಗೆ ಮಾಡಿದರೆ ಅಲ್ಲಿವರೆಗೆ ಕೂತಿದ್ದ ಒಳ್ಳೆ ಬ್ಯಾಕ್ಟೀರಿಯಾ ಎಲ್ಲಾ ಸಾಯುತ್ತೆ. ಟ್ಯಾಂಕ್ ಮತ್ತೆ ಹೊಸದಾಗುತ್ತೆ, ಹೊಸ ಟ್ಯಾಂಕಿಗೆ ಡಯಾಟಮ್ ಮತ್ತೆ ಬರುತ್ತೆ. ಎಷ್ಟು ಮನೆಗಳಲ್ಲಿ ಇದೇ ಚಕ್ರ ನಡೀತಾ ಇರುತ್ತೆ ಅಂದರೆ, ಕೊನೆಗೆ ಟ್ಯಾಂಕ್ ಅಟ್ಟಕ್ಕೆ ಹೋಗುತ್ತೆ.

ಫಿಲ್ಟರಿನ ಸ್ಪಾಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ. ಬಕೆಟಿನಲ್ಲಿರೋ ಟ್ಯಾಂಕ್ ನೀರಲ್ಲಿ ಎರಡು ಮೂರು ಸಲ ಹಿಂಡಿ, ಸಾಕು, ಪೂರ್ತಿ ಬಿಳಿ ಆಗಬೇಕಿಲ್ಲ. ಫಿಲ್ಟರ್ ದಿನವಿಡೀ ಓಡಬೇಕು, ರಾತ್ರಿ ಶಬ್ದ ಅಂತ ಆಫ್ ಮಾಡಬೇಡಿ. ಬೇಸಿಗೆಯಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗೋ ಊರಾದರೆ ಬ್ಯಾಟರಿಯಲ್ಲಿ ಓಡೋ ಸಣ್ಣ ಏರ್ ಪಂಪ್ ಒಂದು ತಂದಿಡಿ.

ಲೈಟ್ ವಿಷಯದಲ್ಲಿ ಜನ ಎರಡು ತಪ್ಪು ಮಾಡ್ತಾರೆ. ಕೆಲವರು ಪಾಚಿ ಸಾಯಲಿ ಅಂತ ಮೂರು ದಿನ ಕಪ್ಪು ಬಟ್ಟೆ ಮುಚ್ಚುತ್ತಾರೆ. ಅದು ಹಸಿರು ನೀರಿಗೆ ಸರಿ, ಇದಕ್ಕೆ ಅಷ್ಟು ಉಪಯೋಗ ಇಲ್ಲ. ಡಯಾಟಮ್ ಕಮ್ಮಿ ಬೆಳಕಲ್ಲೂ ಬದುಕುತ್ತೆ, ಸೊರಗೋದು ನಿಮ್ಮ ಗಿಡ. ಇನ್ನು ಕೆಲವರು ಬೆಳಿಗ್ಗೆ ಹಾಕಿದ ಲೈಟನ್ನು ರಾತ್ರಿ ಮಲಗುವಾಗ ಆರಿಸ್ತಾರೆ. ದಿನಕ್ಕೆ ಆರರಿಂದ ಎಂಟು ಗಂಟೆ, ದಿನಾ ಅದೇ ಹೊತ್ತಿಗೆ. ಟೈಮರ್ ಪ್ಲಗ್ ಹಾಕಿಬಿಟ್ಟರೆ ನೆಮ್ಮದಿ. ಚೆನ್ನಾಗಿ ಕಾಣುತ್ತೆ ಅಂತ ರಾತ್ರಿಯೆಲ್ಲಾ ನೀಲಿ ಲೈಟ್ ಉರಿಸೋದು ಬೇಡ. ಕಿಟಕಿಯಿಂದ ನೇರ ಬಿಸಿಲು ಬೀಳ್ತಿದ್ದರೆ ಪರದೆ ಎಳೆಯಿರಿ.

ಊಟ ದಿನಕ್ಕೆ ಒಂದು ಸಲ, ಒಂದೆರಡು ನಿಮಿಷದಲ್ಲಿ ಮುಗಿಯೋಷ್ಟು. ವಾರಕ್ಕೊಂದು ದಿನ ಉಪವಾಸ. ಏಕಾದಶಿಗೆ ಅಜ್ಜಿ ಜೊತೆ ಮೀನಿಗೂ ಉಪವಾಸ ಅಂತ ಇಟ್ಟುಕೊಂಡರೆ ಮರೆಯಲ್ಲ, ಆದರೆ ಏಕಾದಶಿ ಹದಿನೈದು ದಿನಕ್ಕೊಮ್ಮೆ, ಶನಿವಾರನೂ ಸೇರಿಸಿ.

ಹೊಸದಾಗಿ ಮರಳು ಹಾಕೋರು ಕೇಳ್ತಾರೆ, ಮರಳೇ ಸಿಲಿಕಾ ಅಲ್ವಾ, ಅದರಿಂದಲೇ ಪಾಚಿ ಬಂತಾ ಅಂತ. ಮರಳಿನ ಗಟ್ಟಿ ಸಿಲಿಕಾ ನೀರಲ್ಲಿ ಕರಗೋದು ತುಂಬಾ ನಿಧಾನ, ತುಂಬಾ ಕಮ್ಮಿ. ಮೇಲಿಂದ ಸುರಿಯೋ ನೀರಿನ ಮುಂದೆ ಅದು ಏನೂ ಅಲ್ಲ. ಆದರೆ ಮನೆ ಕಟ್ಟುವಾಗ ಉಳಿದ ಎಂ ಸ್ಯಾಂಡ್ ಹಾಕೋದಾದರೆ, ಅದು ಕ್ರಷರ್‌ನಲ್ಲಿ ಕಲ್ಲು ಪುಡಿ ಮಾಡಿ ತೆಗೆದದ್ದು, ಧೂಳು ಜಾಸ್ತಿ, ಅಂಚು ಚೂಪು. ತೊಳೆದ ನೀರು ತಿಳಿಯಾಗೋವರೆಗೂ ತೊಳೆಯಿರಿ, ತಳದಲ್ಲಿ ಓಡಾಡೋ ಕೋರಿಡೋರಾಸ್ ಥರ ಮೀನು ಇದ್ದರೆ ಅದನ್ನು ಹಾಕಲೇಬೇಡಿ.

ತಿನ್ನೋ ಜೀವಿಗಳು, ಬಾಟಲಿ ಔಷಧಿಗಳು

ಅಂಗಡಿಗೆ ಹೋಗಿ ಕಂದು ಪಾಚಿ ಅಂದ ತಕ್ಷಣ ಬರೋ ಉತ್ತರ: "ಸಾರ್, ಒಂದು ಸಕ್ಕರ್ ಮೀನು ಬಿಡಿ, ಎಲ್ಲಾ ಕ್ಲೀನ್ ಮಾಡುತ್ತೆ." ಸಣ್ಣದಿದ್ದಾಗ ಮಾಡುತ್ತೆ, ನಿಜ. ಆಮೇಲೆ ಅದು ಒಂದು ಅಡಿ ದಾಟಿ ಬೆಳೆಯುತ್ತೆ. ಎರಡಡಿ ಟ್ಯಾಂಕಲ್ಲಿ ಒಂದಡಿ ಮೀನು. ಅಮೆಜಾನ್ ಸ್ವೋರ್ಡ್ ಎಲೆ ಕೆರೆದು ತೂತು ಮಾಡುತ್ತೆ, ಅದರ ಗಲೀಜೇ ಪಾಚಿಗೆ ಊಟ ಆಗುತ್ತೆ. ಕೊನೆಗೆ ಜನ ಅದನ್ನು ಕೆರೆಗೆ ಬಿಡ್ತಾರೆ. ಭಾರತದ ಎಷ್ಟೋ ಕೆರೆ, ನದಿಗಳಲ್ಲಿ ಈ ಮೀನು ಈಗ ಊರಿನ ಮೀನುಗಳಿಗೆ ಕಂಟಕವಾಗಿದೆ. ದಯವಿಟ್ಟು ತರಬೇಡಿ, ತಂದಿದ್ದರೆ ಕೆರೆಗೆ ಬಿಡಬೇಡಿ.

ನನ್ನ ಕೇಳಿದರೆ ನೆರೈಟ್ ಬಸವನಹುಳು. ಇದರ ಚಿಪ್ಪಿಗೆ ಗಡಸು ನೀರು ಬೇಕು, ನಮ್ಮ ಬೋರ್ ನೀರು ಇದಕ್ಕೆ ಹಬ್ಬ. ಗಿಡ ತಿನ್ನಲ್ಲ. ಸಿಹಿ ನೀರಲ್ಲಿ ಮರಿ ಆಗಲ್ಲ, ಹಾಗಾಗಿ ಟ್ಯಾಂಕ್ ತುಂಬಿಕೊಳ್ಳೋ ಭಯ ಇಲ್ಲ. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ, ಕಂದು ಗಾಜಿನ ಮೇಲೆ ಅದು ನಡೆದ ದಾರಿ ಅಂಕುಡೊಂಕಾಗಿ ಸ್ವಚ್ಛವಾಗಿರುತ್ತೆ, ಅಂಚಿನಲ್ಲಿ ಬಾಯಿ ಇಟ್ಟು ಕೆರೆದ ಸಣ್ಣ ಸಣ್ಣ ಗುರುತು ಕೂಡ ಕಾಣುತ್ತೆ. ಎರಡಡಿ ಟ್ಯಾಂಕಿಗೆ ಎರಡು ಮೂರು ಸಾಕು. ಬಿಳಿ ಚುಕ್ಕೆ ಥರ ಮೊಟ್ಟೆ ಅಲ್ಲಲ್ಲಿ ಅಂಟಿಸುತ್ತೆ, ಅದು ಸ್ವಲ್ಪ ಕಿರಿಕಿರಿ. ಪಾಚಿ ಮುಗಿದ ಮೇಲೆ ಹಸಿವಿನಿಂದ ಸಾಯೋದೂ ಉಂಟು, ಆಗ ಬೇಯಿಸಿದ ಸೌತೆಕಾಯಿ ಬಿಲ್ಲೆ ಹಾಕಿ.

ಓಟೋ ಅಂತ ಕರೆಯೋ ಓಟೋಸಿಂಕ್ಲಸ್ ಮೀನು ಡಯಾಟಮ್ ತಿನ್ನೋದರಲ್ಲಿ ಎತ್ತಿದ ಕೈ, ಆದರೆ ಹೊಸ ಟ್ಯಾಂಕಿನ ಅಮೋನಿಯಾ ತಡೆಯಲ್ಲ. ಟ್ಯಾಂಕ್ ಹಳತಾದ ಮೇಲೆ, ಐದಾರು ಒಟ್ಟಿಗೆ ಮಾತ್ರ. ಮಾಲಿ ಮೀನು ಇದ್ದರೆ ಅದೂ ಎಲೆ ಮೇಲೆ ಬಾಯಿ ಆಡಿಸುತ್ತಾ ಇರುತ್ತೆ, ಗಡಸು ನೀರು ಅದಕ್ಕೆ ಇಷ್ಟ.

ಔಷಧಿ ಬಾಟಲಿಗಳ ಬಗ್ಗೆ ಚಿಕ್ಕದಾಗಿ: ಬೇಡ. ಪಾಚಿ ಕೊಲ್ಲೋ ಎಷ್ಟೋ ಔಷಧಿಗಳಲ್ಲಿ ತಾಮ್ರ ಇರುತ್ತೆ, ಅದು ಬಸವನಹುಳು, ಸೀಗಡಿಗೆ ವಿಷ. ದ್ರಾಕ್ಷಿ ತೋಟ ಇರೋ ನೆಂಟರು ಯಾರಾದರೂ "ಮೈಲುತುತ್ತ ಒಂದು ಚಿಟಿಕೆ ಹಾಕು" ಅಂದರೆ ನಕ್ಕು ಸುಮ್ಮನಾಗಿ. ಮೈಲುತುತ್ತದಲ್ಲಿರೋದು ತಾಮ್ರವೇ, ಅದರಿಂದ ಮಾಡೋ ಬೋರ್ಡೋ ದ್ರಾವಣ ಬಳ್ಳಿಗೆ ಸರಿ, ಗಪ್ಪಿಗಲ್ಲ. ಲಿಕ್ವಿಡ್ ಕಾರ್ಬನ್ ಅಂತ ಮಾರೋದು ವ್ಯಾಲಿಸ್ನೇರಿಯಾ ಗಿಡವನ್ನು ಕರಗಿಸಿಬಿಡುತ್ತೆ, ಇದಕ್ಕೆ ಅದರ ಅಗತ್ಯವೇ ಇಲ್ಲ. ಸಿಲಿಕಾ ಹೀರೋ ಫಿಲ್ಟರ್ ಮೀಡಿಯಾ ಸಿಗುತ್ತೆ, ಕೆಲಸನೂ ಮಾಡುತ್ತೆ, ಆದರೆ ನಮ್ಮ ಬೋರ್ ನೀರಿಗೆ ಬೇಗ ತುಂಬಿಹೋಗುತ್ತೆ, ದುಡ್ಡು ದಂಡ.

ಗಿಡ ಗೆಲ್ಲಬೇಕು

ಹೊಸ ಟ್ಯಾಂಕಿಗೆ ಬರೀ ಅನುಬಿಯಾಸ್, ಜಾವಾ ಫರ್ನ್ ಹಾಕಿದರೆ ಕಷ್ಟ. ಅವು ನಿಧಾನಸ್ಥ ಗಿಡಗಳು, ಒಂದು ಎಲೆ ತಿಂಗಳುಗಟ್ಟಲೆ ಇರುತ್ತೆ, ಅಷ್ಟೂ ದಿನ ಅದರ ಮೇಲೆ ಪಾಚಿ ಕೂರುತ್ತೆ. ಜೊತೆಗೆ ಬೇಗ ಬೆಳೆಯೋವು ಬೇಕು. ಗಡಸು ನೀರಿಗೆ ಒಗ್ಗೋ ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್, ಹೈಗ್ರೋಫಿಲಾ, ವಾಟರ್ ವಿಸ್ಟೀರಿಯಾ ಒಳ್ಳೆ ಆಯ್ಕೆ. ಮೊದಲ ದಿನದಿಂದಲೇ ಟ್ಯಾಂಕಿನ ತಳದ ಅರ್ಧಕ್ಕಿಂತ ಜಾಸ್ತಿ ಗಿಡ ಇರಲಿ, ಆಮೇಲೆ ಬೇಕಾದರೆ ಕಮ್ಮಿ ಮಾಡಿ. ಪಾಚಿ ಬಂತು ಅಂತ ಗಿಡದ ಗೊಬ್ಬರ ನಿಲ್ಲಿಸಬೇಡಿ, ಗಿಡ ಹಸಿದರೆ ಲಾಭ ಪಾಚಿಗೇ.

ಸುಧಾರಿಸ್ತಿದೆಯಾ ಅಂತ ಹೇಗೆ ಗೊತ್ತಾಗುತ್ತೆ? ಹಳೆ ಎಲೆ ನೋಡಬೇಡಿ, ಅದು ಮೋಸ ಮಾಡುತ್ತೆ. ಹೊಸ ಚಿಗುರು ನೋಡಿ. ಈ ವಾರ ಬಂದ ಎಲೆ ಮುಂದಿನ ವಾರವೂ ಹಸಿರಾಗಿಯೇ ಇದ್ದರೆ ನೀವು ಸರಿ ದಾರಿಯಲ್ಲಿದ್ದೀರಿ. ಆಮೇಲೆ ಗಾಜಿನ ಮೇಲೆ ಕಂದು ಹೋಗಿ ಅಲ್ಲಲ್ಲಿ ಹಸಿರು ಚುಕ್ಕೆ ಶುರುವಾದರೆ ಬೇಜಾರು ಬೇಡ, ಟ್ಯಾಂಕ್ ಹಳತಾಗ್ತಿರೋ ಲಕ್ಷಣ ಅದು. ಹಳೆ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದರೆ ಹೋಗುತ್ತೆ.

ವರ್ಷದ ಮೇಲೆ ಚೆನ್ನಾಗಿದ್ದ ಟ್ಯಾಂಕಲ್ಲಿ ಇದ್ದಕ್ಕಿದ್ದ ಹಾಗೆ ಮತ್ತೆ ಕಂದು ಬಂದರೆ, ನೀರು ಬದಲಾಗಿದೆಯಾ ನೋಡಿ. ಮಾರ್ಚಿಂದ ಮೇವರೆಗೆ ನಮ್ಮಲ್ಲಿ ಟ್ಯಾಂಕರ್ ಕಾಲ. ಇವತ್ತು ಬಂದ ಟ್ಯಾಂಕರ್ ಒಂದು ಬೋರಿನದು, ನಾಳೆ ಬರೋದು ಇನ್ನೊಂದು ತೋಟದ್ದು. ಮನೆಯ ಸಂಪ್‌ಗೆ ಹೊಸ ನೀರು ಬಿದ್ದ ದಿನ ಟಿಡಿಎಸ್ ಬರೆದಿಡಿ. ದಿಢೀರ್ ಅಂತ ಏರಿದ್ದರೆ ಆ ವಾರ ನೀರು ಬದಲಾಯಿಸೋದನ್ನು 5 ಲೀಟರಿಗೆ ಇಳಿಸಿ, ಆರ್‌ಒ ಪಾಲು ಜಾಸ್ತಿ ಮಾಡಿ. ಟ್ಯಾಂಕರ್ ಬದಲಾಗಿಲ್ಲ ಅಂದರೆ ಕುಡಿಯೋ ನೀರಿನ ಘಟಕದ ಕಡೆ ನೋಡಿ. ಆರ್‌ಒ ಪೊರೆ ಹಳತಾದಾಗ ಸಿಲಿಕಾನೂ ಒಳಗೆ ನುಸುಳೋಕೆ ಶುರುವಾಗುತ್ತೆ. ಅಲ್ಲಿನ ನೀರಿನ ಟಿಡಿಎಸ್ ಮೊದಲಿಗಿಂತ ಏರಿದ್ದರೆ ಪೊರೆ ಬದಲಾಯಿಸೋವರೆಗೆ ಬೇರೆ ಕಡೆಯಿಂದ ಕ್ಯಾನ್ ತನ್ನಿ.